ಬ್ಯಾಚ್ ಹೋದ ಮೇಲಿನ ಕೈತೋಟ

ಕೃಷಿ ಕಾಲೇಜಿನ ಹುಡುಗ ಹುಡುಗಿಯರು ಊರಿಗೆ ಬಂದಿದ್ದಾರೆ ಅನ್ನುವುದು ಮೊದಲು ಗೊತ್ತಾಗುವುದು ದೇವಸ್ಥಾನದ ಮುಂದಿನ ಬಯಲಲ್ಲಿ. ಬೆಳಿಗ್ಗೆಯೇ ಕಸ ಗುಡಿಸಿ, ನೀರು ಚಿಮುಕಿಸಿ, ಬಣ್ಣದ ರಂಗೋಲಿ ಪುಡಿಯಲ್ಲಿ ಇಡೀ ಊರನ್ನು ನೆಲದ ಮೇಲೆ ಬಿಡಿಸುತ್ತಾರೆ. ಕೆರೆಗೆ ನೀಲಿ, ಹೊಲಕ್ಕೆ ಹಸಿರು, ಮನೆಗಳಿಗೆ ಕೆಂಪು. ಸುತ್ತ ನಿಂತ ಹಿರಿಯರು, ‘ಅಲ್ಲ ಕಣಮ್ಮ, ಹಾಲಿನ ಡೇರಿ ಆ ಕಡೆಗೆ ಬರಬೇಕು’ ಎಂದು ತಿದ್ದುತ್ತಾರೆ. ಆ ನಕ್ಷೆಯಲ್ಲಿ ಅಂಗನವಾಡಿ ಒಂದು ಪುಟ್ಟ ಚೌಕ. ಮುಂದಿನ ವಾರಗಳಲ್ಲಿ ಆ ಚೌಕದ ಹಿಂದೆ ಒಂದು ಪೌಷ್ಟಿಕ ಕೈತೋಟ ಏಳುತ್ತದೆ. ಬ್ಯಾನರ್ ಕಟ್ಟಿ, ಪಂಚಾಯಿತಿ ಅಧ್ಯಕ್ಷರನ್ನು ಕರೆಸಿ, ನುಗ್ಗೆ ಸಸಿಗೆ ಎಲ್ಲರೂ ಒಟ್ಟಿಗೆ ಕೈ ಹಚ್ಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಎರಡು ದಿನ ಬಿಟ್ಟು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ.

ಇಂಥ ಸುದ್ದಿಗಳನ್ನು ನಾನು ಕುತೂಹಲದಿಂದ ಓದುತ್ತೇನೆ. ಊರಿನ ಹೆಸರು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ. ಆದರೆ ಆ ಕೈತೋಟ ಮಾರ್ಚ್ ಹೊತ್ತಿಗೆ ಏನಾಯಿತು ಎಂದು ಬರೆದ ಸುದ್ದಿ ಇದುವರೆಗೆ ಕಣ್ಣಿಗೆ ಬಿದ್ದಿಲ್ಲ. ಕೈತೋಟದ ಅಸಲಿ ಕಥೆ ಶುರುವಾಗುವುದು ವಿದ್ಯಾರ್ಥಿಗಳು ಹಾಸಿಗೆ ಸುತ್ತಿಕೊಂಡು ಬಸ್ಸು ಹತ್ತಿದ ಮೇಲೆಯೇ.

ಈ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸುವ ಪದ್ಧತಿಗೆ ‘ಗ್ರಾಮೀಣ ಕೃಷಿ ಕಾರ್ಯಾನುಭವ’ ಎಂದು ಹೆಸರು. ಕಾಲೇಜಿನಲ್ಲಿ ಎಲ್ಲರೂ ‘ರಾವೆ’ ಅನ್ನುತ್ತಾರೆ. ಕೃಷಿ ಪದವಿಯವರಿಗೆ ಪಾಠದ ಕೋಣೆಯಾಚೆಗೂ ಕಲಿಕೆ ಬೇಕೆಂದು 1992ರಲ್ಲಿ ರಾಂಧವಾ ಸಮಿತಿ ಹೇಳಿತ್ತು. 2015ರ ಜುಲೈನಲ್ಲಿ ಅದು ‘ಸ್ಟೂಡೆಂಟ್ ರೆಡಿ’ ಎಂಬ ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಯಿತು. ಕೊನೆಯ ವರ್ಷದ ಒಂದು ಇಡೀ ಸೆಮಿಸ್ಟರ್, 20 ಕ್ರೆಡಿಟ್ಟು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಐದನೇ ಡೀನ್‌ಗಳ ಸಮಿತಿ ಹಾಕಿಕೊಟ್ಟ ಲೆಕ್ಕದಲ್ಲಿ 20 ವಾರಗಳ ಪೈಕಿ ಎಂಟು ವಾರ ಹಳ್ಳಿಯಲ್ಲಿ, ಮಿಕ್ಕಿದ್ದು ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, ಸಸ್ಯ ಚಿಕಿತ್ಸಾಲಯ, ಉದ್ದಿಮೆಗಳಲ್ಲಿ. ಹಳ್ಳಿಯ ಪಾಲು ಕಾಲೇಜಿನಿಂದ ಕಾಲೇಜಿಗೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಸಮುದಾಯ ಭವನದಲ್ಲೋ ಖಾಲಿ ಬಿದ್ದ ಶಾಲೆಯ ಕೊಠಡಿಯಲ್ಲೋ ವಾಸ್ತವ್ಯ, ಒಬ್ಬೊಬ್ಬರಿಗೂ ಒಬ್ಬ ಆತಿಥೇಯ ರೈತ, ದಿನಾ ಡೈರಿ ಬರೆಯುವ ಕೆಲಸ. ಬೀಜೋಪಚಾರ, ಅಜೋಲ್ಲಾ ತೊಟ್ಟಿ, ಎರೆಗೊಬ್ಬರ, ಮಣ್ಣಿನ ಮಾದರಿ ತೆಗೆಯುವ ಪ್ರಾತ್ಯಕ್ಷಿಕೆ, ಕೊನೆಯಲ್ಲಿ ಒಂದು ವಸ್ತುಪ್ರದರ್ಶನ. ಈ ಸಾಲಿನಲ್ಲೇ ಅಂಗನವಾಡಿ ಕೈತೋಟವೂ ಒಂದು.

ಇವರಲ್ಲಿ ಬಹಳಷ್ಟು ಮಂದಿ ರೈತರ ಮಕ್ಕಳೇ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಕಾಳು, ಬೀಜ, ಉಪಕರಣ ಗುರುತಿಸಿ ಸೀಟು ಗಿಟ್ಟಿಸಿದವರು. ಅವರಿಗೆ ಪಾತಿ ಮಾಡಲು ಬರುವುದಿಲ್ಲ ಎಂದು ನಗುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಪಾತಿ ಚೆನ್ನಾಗಿಯೇ ಮಾಡುತ್ತಾರೆ. ಕಷ್ಟ ಇರುವುದು ಪಂಚಾಂಗದಲ್ಲಿ.

ಹಲವು ಕಾಲೇಜುಗಳ ಹಳ್ಳಿ ವಾಸ್ತವ್ಯ ಸೆಪ್ಟೆಂಬರ್ ಮತ್ತು ಡಿಸೆಂಬರಿನ ನಡುವೆ ಬರುತ್ತದೆ. ಅಂದರೆ ಹಿಂಗಾರು ಮಳೆ ಇನ್ನೂ ಅಲ್ಲಲ್ಲಿ ಬೀಳುತ್ತಿರುವಾಗ, ನೆಲದಲ್ಲಿ ಹಸಿ ಇರುವಾಗ. ಆಗ ಏನು ಬಿತ್ತಿದರೂ ಹುಟ್ಟುತ್ತದೆ. ಹರಿವೆ, ಮೆಂತ್ಯ 25–30 ದಿನಕ್ಕೆ ಕೊಯ್ಲಿಗೆ ಬರುತ್ತವೆ, ಬೆಂಡೆ ಒಂದೂವರೆ ತಿಂಗಳಿಗೆ ಕಾಯಿ ಬಿಡಲು ಶುರು ಮಾಡುತ್ತದೆ. ಅಷ್ಟನ್ನು ವಿದ್ಯಾರ್ಥಿ ನೋಡಿಕೊಂಡು ಹೋಗುತ್ತಾನೆ, ವರದಿಯಲ್ಲಿ ಬರೆಯುತ್ತಾನೆ. ಹೋದ ಹಿಂದೆಯೇ ಮಳೆ ನಿಲ್ಲುತ್ತದೆ, ಚಳಿ ಕಳೆದು ಬಿಸಿಲು ಏರುತ್ತದೆ, ಹೊಲದಲ್ಲಿ ಮೇವು ಖಾಲಿಯಾಗಿ ಊರ ಮೇಕೆಗಳು ಹಸಿರು ಕಂಡಲ್ಲಿ ನುಗ್ಗುತ್ತವೆ. ತೋಟಕ್ಕೆ ಆಳು ಬೇಕಾಗುವುದೇ ಆಗ. ವರ್ಷಪೂರ್ತಿ ಸೊಪ್ಪು ತರಕಾರಿ ಕೊಡಬೇಕಾದ ಜಾಗಕ್ಕೆ ಎಂಟು ವಾರದ ತೋಟಗಾರರನ್ನು ಕೊಟ್ಟು, ಅದೂ ಸುಲಭದ ಎಂಟು ವಾರವನ್ನೇ ಆರಿಸಿ ಕೊಟ್ಟಿದ್ದೇವೆ.

ಇನ್ನು ಅಂಗನವಾಡಿಯ ಕಡೆ ಬರೋಣ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮಲ್ಲಿ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿ. ನರಸೀಪುರವನ್ನು, ನೂರು ಕೇಂದ್ರಗಳೊಂದಿಗೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಒಬ್ಬ ಟೀಚರ್, ಒಬ್ಬ ಸಹಾಯಕಿ. ಅಡುಗೆ, ಪಾಠ, ತೂಕ ನೋಡುವುದು, ಚುಚ್ಚುಮದ್ದಿಗೆ ತಾಯಂದಿರನ್ನು ಕರೆತರುವುದು ಎಲ್ಲ ಇಬ್ಬರ ಕೈಯಲ್ಲೇ. 2013ರಲ್ಲಿ ಕ್ಷೀರಭಾಗ್ಯ ಬಂತು, ಹಾಲು ಕಾಯಿಸುವ ಕೆಲಸ ಸೇರಿತು. 2017ರಲ್ಲಿ ಮಾತೃಪೂರ್ಣ ಬಂದು ಬಸುರಿ ಬಾಣಂತಿಯರಿಗೂ ಬಿಸಿಯೂಟ ಬೇಯಬೇಕಾಯಿತು. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬಬೇಕು, ನೆಟ್‌ವರ್ಕ್ ಸಿಕ್ಕರೆ. 2018ರಲ್ಲಿ ಆರಂಭವಾದ ಪೋಷಣ್ ಅಭಿಯಾನದಡಿ ಪ್ರತಿ ಸೆಪ್ಟೆಂಬರು ಪೋಷಣ ಮಾಸ. ಪೋಷಣ ವಾಟಿಕೆ, ಅಂದರೆ ಇದೇ ಕೈತೋಟ, ಅದರ ಮುಖ್ಯ ಚಟುವಟಿಕೆಗಳಲ್ಲಿ ಒಂದು. ಹೀಗೆ ಮೇಲಿನಿಂದ ಆದೇಶ, ಪಕ್ಕದಿಂದ ಕಾಲೇಜು ಮಕ್ಕಳು, ಎರಡೂ ಹೆಚ್ಚುಕಡಿಮೆ ಒಂದೇ ಹಂಗಾಮಿಗೆ ಬಂದು ಸೇರುತ್ತವೆ. ಟೀಚರಮ್ಮ ಬೇಡ ಅನ್ನುವುದಿಲ್ಲ. ಬೇಡ ಅನ್ನಲು ಬರುವುದೂ ಇಲ್ಲ.

ಆದರೆ ತೋಟದ ನಿಜವಾದ ಯಜಮಾನಿ ಟೀಚರ್ ಅಲ್ಲ, ಸಹಾಯಕಿ. ಬೆಳಿಗ್ಗೆ ಬೀಗ ತೆಗೆದು, ಕಸ ಹೊಡೆದು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದು, ಒಲೆ ಹಚ್ಚುವವಳು ಅವಳು. ನೀರು ಎಲ್ಲಿ ಹರಿಯುತ್ತದೆ, ಯಾವ ಮನೆಯ ಕೋಳಿ ಎಷ್ಟು ಹೊತ್ತಿಗೆ ಬಂದು ಕೆದಕುತ್ತದೆ, ಯಾರ ಮೇಕೆ ಗೇಟು ಹಾರುತ್ತದೆ ಎಲ್ಲ ಅವಳಿಗೆ ಗೊತ್ತು. ವಿದ್ಯಾರ್ಥಿಗಳು ಹಗ್ಗ ಹಿಡಿದು ಪಾತಿ ಅಳೆಯುತ್ತಿರುವಾಗ ಇಂಥವಳು ಬಾಗಿಲಲ್ಲಿ ನಿಂತು, ‘ನೀವೇನೋ ಹೊರಟೋಗ್ತೀರಾ ಮಕ್ಳಾ, ಆಮೇಲೆ ನೀರು ಹಾಕೋಳು ನಾನು ತಾನೆ’ ಅಂದರೆ ಅದನ್ನು ದೂರು ಎಂದು ಕೇಳಿಸಿಕೊಳ್ಳಬಾರದು. ತೋಟದ ಯೋಜನೆಗೆ ಬೇಕಾದ ಮೊದಲ ಮಾಹಿತಿ ಅದು. ಅವಳ ದಿನಕ್ಕೆ ಒಂದು ಕೊಡ ನೀರು ಹೊರುವ ಕೆಲಸ ಹೆಚ್ಚಾಗುವಂಥ ತೋಟ ಸಂಕ್ರಾಂತಿಯವರೆಗೆ ಬಾಳಿದರೆ ಪುಣ್ಯ. ಅವಳ ಕೆಲಸದ ದಾರಿಯಲ್ಲೇ ಬೆಳೆಯುವ ತೋಟವಾದರೆ ಬೇಸಿಗೆ ದಾಟುತ್ತದೆ.

ಹಾಗೆಂದರೇನು? ಲೆಕ್ಕ ಹಾಕಿ. 25 ಮಕ್ಕಳು ದಿನಕ್ಕೆ ಎರಡು ಸಲ ಕೈ ತೊಳೆಯುತ್ತಾರೆ. ಸಲಕ್ಕೆ ಅರ್ಧ ಲೀಟರ್ ಎಂದರೂ 25 ಲೀಟರ್ ನೀರು. ಅಕ್ಕಿ ಬೇಳೆ ತೊಳೆದದ್ದು, ತರಕಾರಿ ತೊಳೆದದ್ದು ಬೇರೆ. ಇದೆಲ್ಲ ಸಾಮಾನ್ಯವಾಗಿ ಮೋರಿ ಸೇರಿ ಸೊಳ್ಳೆ ಸಾಕುತ್ತದೆ. ಮಕ್ಕಳು ಕೈ ತೊಳೆಯುವ ಕಟ್ಟೆಯನ್ನೇ ತೋಟದ ತಲೆಗೆ ತಂದು, ಒಂದು ಸಣ್ಣ ಕಾಲುವೆ ಎಳೆದರೆ ಯಾರೂ ನೀರು ಹೊರಬೇಕಿಲ್ಲ. ಸೋಪಿನ ನೀರು, ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ. ಅಕ್ಕಿ ತೊಳೆದ ನೀರು ಸೊಪ್ಪಿನ ಪಾತಿಗೆ. ಕೃಷಿ ಪದವಿಯ ವಿದ್ಯಾರ್ಥಿಗೆ ಇಳಿಜಾರು ನೋಡಿ ಕಾಲುವೆ ತೆಗೆಯುವುದು ಒಂದು ಬೆಳಗಿನ ಕೆಲಸ. ಈ ಕಾಲುವೆಯ ಫೋಟೊ ಚೆನ್ನಾಗಿ ಬರುವುದಿಲ್ಲ ಅನ್ನುವುದೊಂದೇ ಕೊರತೆ.

ಬೇಲಿಯದೂ ಇದೇ ಮಾತು. ಬಯಲುಸೀಮೆಯಲ್ಲಿ ಕೈತೋಟವನ್ನು ಕೊಲ್ಲುವುದು ಕೀಟವಲ್ಲ, ಕುರಿ ಮೇಕೆ. ಸಸಿಗೆ ದುಡ್ಡು ಹುಟ್ಟುತ್ತದೆ, ಬೇಲಿಗೆ ಹುಟ್ಟುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ಕಾಂಪೌಂಡು ಕಟ್ಟಿಸಿಕೊಂಡ ಕೇಂದ್ರಗಳ ಅದೃಷ್ಟ ಬೇರೆ. ಮಿಕ್ಕ ಕಡೆ ಮುಳ್ಳುಬೇಲಿಯೋ ಹಸಿರು ಬಲೆಯೋ ಆಗಬೇಕು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಳ್ಳಿಯಲ್ಲಿ ಬೇಲಿ ಎಂದ ಕೂಡಲೇ ಕೈ ಹೋಗುವುದು ಕಾಡುಹರಳಿನ ಕಡೆಗೆ, ಜಟ್ರೋಫಾ ಅಂತಾರಲ್ಲ, ಅದು. ದನ ಮುಟ್ಟುವುದಿಲ್ಲ, ಕಡ್ಡಿ ನೆಟ್ಟರೆ ಚಿಗುರುತ್ತದೆ. ಆದರೆ ಅದರ ಬೀಜ ತಿಂದು ವಾಂತಿ ಭೇದಿಯಾಗಿ ಮಕ್ಕಳು ಆಸ್ಪತ್ರೆ ಸೇರಿದ ಪ್ರಕರಣಗಳು ನಮ್ಮ ದೇಶದಲ್ಲಿ ಬೇಕಾದಷ್ಟು. ಹರಳು, ಕಣಗಿಲೆ, ಉಮ್ಮತ್ತಿ, ಗುಲಗಂಜಿ ಇವೂ ಮೂರು ವರ್ಷದ ಮಗು ಓಡಾಡುವ ಜಾಗದಲ್ಲಿ ಇರಕೂಡದು. ಅಂಗಳದಲ್ಲಿ ಏನು ನೆಡಬೇಕು ಎಂಬ ಪಟ್ಟಿ ಎಲ್ಲರ ಕೈಯಲ್ಲಿದೆ. ಏನನ್ನು ಕಿತ್ತು ಹಾಕಬೇಕು ಎಂಬ ಪಟ್ಟಿಯನ್ನು ವಿದ್ಯಾರ್ಥಿಗಳು ಬಂದ ಮೊದಲ ದಿನವೇ ಮಾಡಿದರೆ ಅದೇ ದೊಡ್ಡ ಉಪಕಾರ.

ನೆಡುವುದರಲ್ಲೂ ಆಯ್ಕೆ ಬೇಕು. ಹೊರಟುಹೋಗುವವರು ನೆಡಬೇಕಾದದ್ದು ನಿಲ್ಲುವ ಗಿಡಗಳನ್ನು. ಹರಿವೆ ಮೆಂತ್ಯ ಬೇಡ ಅಂತಲ್ಲ. ಮಕ್ಕಳಿಗೆ ಬೇಗ ಬೆಳೆಯುವ ಏನಾದರೂ ಕಾಣಬೇಕು. ಆದರೆ ತೋಟದ ಬೆನ್ನೆಲುಬಾಗಿ ಕರಿಬೇವು, ನುಗ್ಗೆ, ಪಪ್ಪಾಯಿ, ಬಸಳೆ, ಚಕ್ರಮುನಿ, ನಿಂಬೆ ಇರಲಿ. ಇವು ಒಮ್ಮೆ ಬೇರು ಬಿಟ್ಟರೆ ಎರಡು ದಿನ ನೀರು ತಪ್ಪಿದರೂ ಮುನಿಸಿಕೊಳ್ಳುವುದಿಲ್ಲ. ಬಸಳೆ, ಚಕ್ರಮುನಿಗೆ ಬೀಜದ ಖರ್ಚೂ ಇಲ್ಲ, ಪಕ್ಕದ ಮನೆಯ ಕಡ್ಡಿ ತಂದು ಊರಿದರೆ ಆಯಿತು. ಪಪ್ಪಾಯಿಯಲ್ಲಿ ಗಂಡು ಗಿಡ ಬಂದು ಮೋಸವಾಗುವುದುಂಟು. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ‘ಅರ್ಕಾ ಸೂರ್ಯ’ದಂಥ ತಳಿಯಾದರೆ ಆ ಭಯವಿಲ್ಲ. ಅದರ ಬುಡದಲ್ಲಿ ನೀರು ನಿಂತರೆ ಮಾತ್ರ ಕೊಳೆತು ಬೀಳುತ್ತದೆ, ಹಾಗಾಗಿ ಕೈ ತೊಳೆಯುವ ಕಟ್ಟೆಯಿಂದ ದೂರ. ಚಕ್ರಮುನಿಯನ್ನು ವಿಟಮಿನ್ ಸೊಪ್ಪು ಎಂದು ಹೊಗಳಿ ಹಸಿಯಾಗಿ ಅರೆದು ಕುಡಿಸುವವರಿದ್ದಾರೆ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಅದರ ಹಸಿ ರಸ ಕುಡಿದವರ ಶ್ವಾಸಕೋಶಕ್ಕೇ ಪೆಟ್ಟು ಬಿದ್ದಿತ್ತು. ಬೇಯಿಸಿ, ಸಾರಿಗೆ ಒಂದು ಹಿಡಿ ಹಾಕಿ; ಅಷ್ಟು ಸಾಕು.

ನುಗ್ಗೆಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲ ಬ್ಯಾನರಿನಲ್ಲೂ ಅದೇ ನಾಯಕ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ವೋ ತಮಿಳುನಾಡಿನ ಪೆರಿಯಕುಳಂನ ‘ಪಿಕೆಎಂ–1’ಓ ತಂದು ನೆಡುತ್ತಾರೆ, ಒಂದು ವರ್ಷದೊಳಗೆ ಕಾಯಿ ಬಿಡುವ ತಳಿಗಳು. ಆದರೆ ನೆಟ್ಟು ಸುಮ್ಮನಿದ್ದರೆ ಅದು ನೇರ ಆಕಾಶಕ್ಕೆ ಹೋಗುತ್ತದೆ. ಸೊಪ್ಪು ಕೊಯ್ಯಲು ಏಣಿ ಬೇಕು, ಕೊಂಬೆಯೋ ಬಹಳ ಪೆಳಸು, ಗಾಳಿಗೆ ಮುರಿದು ಬೀಳುತ್ತದೆ. ಗಿಡ ಎರಡೂವರೆ ಅಡಿ ಬಂದಾಗ ತುದಿ ಚಿವುಟಬೇಕು, ಆಮೇಲೂ ಕೈಗೆಟುಕುವ ಎತ್ತರಕ್ಕೆ ಸವರುತ್ತಿರಬೇಕು. ವಿದ್ಯಾರ್ಥಿ ಊರಲ್ಲಿರುವಷ್ಟು ದಿನದಲ್ಲಿ ಈ ಸವರುವ ಪಾಳಿಯೇ ಬರುವುದಿಲ್ಲ. ಹಾಗಾಗಿ ಹೇಳಿಕೊಟ್ಟು ಹೋಗಬೇಕಾದ ಪಾಠ ಇದು. ಮಳೆಗಾಲದಲ್ಲಿ ನುಗ್ಗೆಯ ಕಾಂಡಕ್ಕೆ ಕಂಬಳಿಹುಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತದೆ. ರೋಮ ತಾಗಿದರೆ ಮೈಯೆಲ್ಲ ದದ್ದು, ತುರಿಕೆ. ದೊಡ್ಡವರ ಹಿತ್ತಲಲ್ಲಿ ಪಂಜು ಹಿಡಿದು ಸುಡುತ್ತಾರೆ. ಮಕ್ಕಳ ಕೇಂದ್ರದಲ್ಲಿ ಅದಕ್ಕಿಂತ ಒಳ್ಳೆಯದು ಗಿಡವನ್ನು ಬಾಗಿಲು, ಆಟದ ಜಾಗ, ಶೌಚಾಲಯದ ದಾರಿ ಮೂರರಿಂದಲೂ ದೂರ ನೆಡುವುದು. ಫೋಟೊಗೆ ಅನುಕೂಲ ಎಂದು ಬಾಗಿಲ ಮುಂದೆಯೇ ನೆಡುವ ರೂಢಿ ಇದೆ, ಏನು ಹೇಳೋಣ.

ಇಷ್ಟೆಲ್ಲ ಮಾಡಿದರೆ ಮಕ್ಕಳ ತಟ್ಟೆಗೆ ಎಷ್ಟು ಬೀಳುತ್ತದೆ? ಹರಿವೆ ಹೆಕ್ಟೇರಿಗೆ ಹತ್ತು ಟನ್ ಬರುತ್ತದೆ ಅನ್ನುವುದು ಪುಸ್ತಕದ ಲೆಕ್ಕ. ಅಂದರೆ ನೂರು ಚದರಡಿಯ ಪಾತಿಗೆ ಒಂದು ಬೆಳೆಗೆ ಒಂಬತ್ತು ಕಿಲೊ. ನಮ್ಮ ಮಣ್ಣು, ನೀರು, ಕೋಳಿ ಎಲ್ಲ ಕಳೆದು ಅರ್ಧವೇ ಬಂತು ಎನ್ನಿ. 25 ಮಕ್ಕಳಿಗೆ ತಲಾ 40 ಗ್ರಾಮಿನಂತೆ ಒಂದು ಹೊತ್ತಿಗೆ ಒಂದು ಕಿಲೊ ಬೇಕು. ಹಾಗಾದರೆ ತಿಂಗಳಿಗೆ ನಾಲ್ಕೈದು ದಿನ ಸೊಪ್ಪಿನ ಸಾರು. ಇನ್ನೊಂದು ಪಾತಿ ಸರದಿಯಲ್ಲಿ ಬಿತ್ತಿದರೆ, ನುಗ್ಗೆ ಬಸಳೆ ಸೇರಿದರೆ, ವಾರಕ್ಕೆ ಎರಡು ಮೂರು ದಿನ. ಇದು ಕಡಿಮೆಯೇನಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ, ಆರು ತಿಂಗಳು ದಾಟಿದವರಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ರಕ್ತಹೀನತೆ ಶೇ 60.9 ಇತ್ತು, ಅಂದರೆ ಏರಿದೆ. ಮೊಟ್ಟೆ, ಹಾಲು, ಕಬ್ಬಿಣಾಂಶದ ಸಿರಪ್ಪು, ಜಂತುಹುಳದ ಮಾತ್ರೆ, ತಾಯಿಯ ಆರೋಗ್ಯ ಇಷ್ಟರ ಜಾಗವನ್ನು ನಾಲ್ಕು ಪಾತಿ ಸೊಪ್ಪು ತುಂಬಲಾರದು. ಭಾಷಣದಲ್ಲಿ ಕೈತೋಟದ ಹೆಗಲಿಗೆ ಅಪೌಷ್ಟಿಕತೆಯ ಹೊರೆಯನ್ನೆಲ್ಲ ಹೊರಿಸುವಾಗ ಈ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ.

ತೋಟ ಬೇರೊಂದು ಕೆಲಸ ಮಾಡುತ್ತದೆ, ಅದು ಗ್ರಾಮಿನ ಲೆಕ್ಕಕ್ಕೆ ಸಿಗುವುದಿಲ್ಲ. ಸಾರಿನಲ್ಲಿ ತೇಲುವ ಎಲೆಯನ್ನು ಬೆರಳಿಂದ ಎತ್ತಿ ತಟ್ಟೆಯಂಚಿಗೆ ಅಂಟಿಸುವುದರಲ್ಲಿ ನಾಲ್ಕು ವರ್ಷದವರು ನಿಸ್ಸೀಮರು. ಹೊಸ ರುಚಿಯೊಂದನ್ನು ಚಿಕ್ಕ ಮಕ್ಕಳು ಒಪ್ಪಿಕೊಳ್ಳಲು ಎಂಟು ಹತ್ತು ಸಲವಾದರೂ ನಾಲಿಗೆಗೆ ತಾಗಿಸಬೇಕು ಅನ್ನುತ್ತಾರೆ ಪೋಷಣೆ ಅಧ್ಯಯನ ಮಾಡಿದವರು. ತಾವೇ ಬಿತ್ತಿದ್ದು, ತಾವೇ ಕಿತ್ತದ್ದು ಎಂದರೆ ಆ ಎಂಟು ಹತ್ತು ಸಲಕ್ಕೆ ಮಕ್ಕಳು ಸುಲಭವಾಗಿ ಬಗ್ಗುತ್ತಾರೆ. ಹರಿವೆ ಬೀಜ ಪುಟ್ಟ ಬೆರಳಿಗೆ ಸಿಗುವುದಿಲ್ಲ. ಮರಳು ಬೆರೆಸಿ ಎರಚಲು ಕೊಡಬೇಕು. ಅವರೆ, ಬೆಂಡೆ, ಕುಂಬಳ ಅವರ ಕೈಗೆ ಸರಿಯಾದ ಬೀಜಗಳು. ಅವರೆ ನಾಲ್ಕೈದು ದಿನಕ್ಕೆ ಮೊಳೆಯುತ್ತದೆ. ಅಷ್ಟರೊಳಗೆ ‘ಬಂತಾ’ ಎಂದು ಕೆದಕಿ ನೋಡುವವರಿಗಾಗಿ ನಾಲ್ಕು ಬೀಜ ಹೆಚ್ಚಾಗಿಯೇ ಹಾಕಿರಬೇಕು. ಕೆದಕಿ ನೋಡುವುದನ್ನು ಬೈಯುವ ವಿದ್ಯಾರ್ಥಿಗೆ ನಾನಾದರೆ ಒಂದು ಅಂಕ ಕಳೆಯುತ್ತೇನೆ.

ಜರ್ಮನಿಯಲ್ಲಿ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದಾಗ ಒಬ್ಬೊಬ್ಬ ಮಗುವಿಗೂ ಸ್ವಂತದ್ದೊಂದು ತುಂಡು ನೆಲ, ಎಲ್ಲರಿಗೂ ಸೇರಿ ಸಾಮಾನ್ಯ ಪಾತಿಗಳು ಎಂದು ಯೋಚಿಸಿದ್ದ. ಹುಡುಗನಾಗಿದ್ದಾಗ ಅರಣ್ಯಾಧಿಕಾರಿಯೊಬ್ಬನ ಕೈಕೆಳಗೆ ಕೆಲಸ ಕಲಿತವನು ಅವನು. ನಮ್ಮ ದೇಶದಲ್ಲಿ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಜೊತೆಗೂಡಿ, 1945ರಲ್ಲಿ ಇಂದಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದಲ್ಲಿ, ಆದಿವಾಸಿ ಮಕ್ಕಳ ಬಾಲವಾಡಿಯನ್ನು ಅವರವರ ಅಂಗಳಕ್ಕೇ ಕೊಂಡೊಯ್ದರು. ಪುಟ್ಟ ಮಕ್ಕಳ ಪಾಠಕ್ಕೆ ಅಂಗಳ ಬೇಕು ಎಂಬುದು ಈಚಿನ ಯೋಜನೆಗಳ ಶೋಧವೇನಲ್ಲ. ಕಟ್ಟಡ ಬಂದಮೇಲೆ ನಾವೇ ಅಂಗಳವನ್ನು ಹಿಂದಕ್ಕೆ ತಳ್ಳಿದ್ದು.

ನಗರದಲ್ಲಂತೂ ಅಂಗಳವೇ ಇಲ್ಲ. ಬಾಡಿಗೆ ಕೋಣೆಯಲ್ಲಿ ನಡೆಯುವ ಕೇಂದ್ರಕ್ಕೆ ಹಳೇ ಬಕೆಟ್ಟು, ಗೋಣಿಚೀಲ, ಕಿಟಕಿಯ ಸರಳಿಗೆ ಹಬ್ಬಿದ ಬಸಳೆಯೇ ತೋಟ. ಮಾಡಲಿಕ್ಕಾಗುತ್ತದೆ, ಅದರಿಂದ ಅಡುಗೆಗೆ ಕರಿಬೇವು ಕೊತ್ತಂಬರಿಗಿಂತ ಹೆಚ್ಚು ನಿರೀಕ್ಷಿಸಬಾರದು. ಊರೂರಿಗೂ ತೋಟದ ಚಹರೆ ಬೇರೆ ಅನ್ನುವುದನ್ನು ಕಾಲೇಜಿನ ಒಂದೇ ನಮೂನೆಯ ನಕ್ಷೆ ಮರೆಯುತ್ತದೆ. ಕರಾವಳಿಯ ಮಳೆಯಲ್ಲಿ ಪಾತಿ ತಗ್ಗಿಸಿದರೆ ಕೊಳೆಯುತ್ತದೆ, ಏರು ಮಡಿ ಬೇಕು, ತೊಂಡೆಯ ಚಪ್ಪರ ಬೇಕು. ಕಲಬುರ್ಗಿ, ರಾಯಚೂರಿನ ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ. ಅಲ್ಲಿ ಪಾತಿ ತಗ್ಗಿರಬೇಕು, ಮೇಲೆ ಕಸಕಡ್ಡಿಯ ಹೊದಿಕೆ ಬೇಕು. ಅಲ್ಲಿನ ಮಕ್ಕಳಿಗೆ ಪುಂಡಿಪಲ್ಯೆ ಮನೆಯ ರುಚಿ. ಅದನ್ನು ಬಿಟ್ಟು ಪಾಲಕ್ ಬೀಜದ ಪೊಟ್ಟಣ ಹಂಚುವುದು ಯಾಕೋ ಅರ್ಥವಾಗುವುದಿಲ್ಲ.

ಬ್ಯಾಚು ಹೋದ ಮೇಲೆ ತೋಟ ಅನಾಥವಾಗುವ ಮುಖ್ಯ ತೊಡಕು ಬಿಡಿಸಬಹುದಾದದ್ದೇ. ಈಗ ಬಹುತೇಕ ಪ್ರತಿ ವರ್ಷ ಬ್ಯಾಚು ಬೇರೆ, ಊರೂ ಬೇರೆ. ಹೆಚ್ಚು ಹಳ್ಳಿಗಳನ್ನು ತಲುಪಿದೆವು ಎಂಬ ಸಂತೋಷ ಕಾಲೇಜಿಗೆ. ಅದರ ಬದಲು ಮೂರು ವರ್ಷ ಒಂದೇ ಊರಿಗೆ ಹೋಗಲಿ. ಮೊದಲ ಬ್ಯಾಚಿನವರು ಬೇಲಿ, ಕಾಲುವೆ, ಕಡ್ಡಿ ನೆಡುವ ಕೆಲಸ ಮಾಡಲಿ. ಎರಡನೆಯವರಿಗೆ ಸಿಗುವ ಮೊದಲ ಕೆಲಸ ಹಿಂದಿನವರ ತೋಟದ ತಪಾಸಣೆ: ಏನು ಉಳಿಯಿತು, ಏನು ಒಣಗಿತು, ಯಾಕೆ. ಅದಕ್ಕೇ ಅಂಕ. ಸೀನಿಯರ್‌ಗಳ ತಪ್ಪು ಹುಡುಕುವ ಕೆಲಸವನ್ನು ಯಾವ ವಿದ್ಯಾರ್ಥಿಯೂ ಉತ್ಸಾಹದಿಂದಲೇ ಮಾಡುತ್ತಾನೆ. ನಡುವಿನ ತಿಂಗಳುಗಳ ಹೊಣೆಗೆ ಪ್ರತಿ ಅಂಗನವಾಡಿಯಲ್ಲೂ ಬಾಲವಿಕಾಸ ಸಮಿತಿ ಎಂಬುದೊಂದು ಇದೆ, ತಾಯಂದಿರೂ ಅದರ ಸದಸ್ಯರು. ಬೇಸಿಗೆಯಲ್ಲಿ ಪಾಳಿ ಹಾಕಿಕೊಂಡು ನೀರು ಬಿಟ್ಟವರಿಗೆ ತೋಟದ ಸೊಪ್ಪು ಒಂದು ಕಟ್ಟು ಮನೆಗೆ ಒಯ್ಯಲು ಬಿಡಬೇಕು. ಇದಕ್ಕೆ ಸರ್ಕಾರಿ ತೋಟದ ಸೊಪ್ಪು ಮನೆಗೆ ಹೋಗಬಹುದೇ ಎಂದು ತಕರಾರು ಎತ್ತುವ ಅಧಿಕಾರಿಗಳಿರುತ್ತಾರೆ. ಒಣಗಿದ ತೋಟದಿಂದ ಯಾರ ಮನೆಗೂ ಏನೂ ಹೋಗುವುದಿಲ್ಲ, ಆಡಿಟ್ಟಿಗೆ ಅದು ಬಹಳ ಅಚ್ಚುಕಟ್ಟು. ಸಹಾಯಕಿಗೆ ತೋಟದ ಕೆಲಸಕ್ಕೆಂದು ತಿಂಗಳಿಗೆ ಒಂದಿಷ್ಟು ಹಣ ಪ್ರತ್ಯೇಕವಾಗಿ ಕೊಡಬಾರದೇಕೆ ಎಂಬ ಪ್ರಶ್ನೆಯೂ ಇದೆ. ಗೌರವಧನ, ಗ್ರಾಚುಟಿಗಾಗಿ ವರ್ಷಗಟ್ಟಲೆ ಬೀದಿಗಿಳಿದ ಈ ಹೆಂಗಸರಿಗೆ ಪುಕ್ಕಟೆ ತೋಟಗಾರಿಕೆಯ ಉಪದೇಶ ಮಾಡಲು ನನಗಂತೂ ಬಾಯಿ ಬರುವುದಿಲ್ಲ. ಗ್ರಾಚುಟಿ ಅವರ ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿದ್ದೇ 2022ರಲ್ಲಿ.

ಈಗ ಇನ್ನೊಂದು ಬಗೆಯ ಕೇಂದ್ರವೂ ಹಳ್ಳಿಗೆ ಬಂದಿದೆ. ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ 2023–24ರ ಬಜೆಟ್ಟಿನಲ್ಲಿ ಘೋಷಿಸಿದ ‘ಕೂಸಿನ ಮನೆ’, ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ. ಕಾಲೇಜಿನ ಬ್ಯಾಚುಗಳು ಇವತ್ತಲ್ಲ ನಾಳೆ ಅಲ್ಲಿಗೂ ಸಸಿ ಹಿಡಿದು ಹೋಗುತ್ತವೆ. ಅಂಗನವಾಡಿಯ ನಕ್ಷೆ ಅಲ್ಲಿ ನಡೆಯುವುದಿಲ್ಲ. ಆ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಹಸಿ ಗೊಬ್ಬರ, ತೆರೆದ ನೀರಿನ ತೊಟ್ಟಿ, ಮೂಗಿನೊಳಗೆ ಹೋಗುವಂಥ ಕಾಳುಬೀಜ ಯಾವುದೂ ಕೈಗೆ ಸಿಗಬಾರದು. ಅಲ್ಲಿ ಮೊದಲು ಬೇಕಾದದ್ದು ಮಕ್ಕಳು ತೆವಳಲು ನೆರಳು, ಬರಿಗಾಲಿಗೆ ಹುಲ್ಲು, ಕೈಗೆಟುಕದ ಎತ್ತರದಲ್ಲಿ ಒಂದು ಬಸಳೆ ಚಪ್ಪರ. ಪಾತಿ ಇದ್ದರೆ ಅದು ಗೋಡೆಯ ಆಚೆಗಿರಲಿ, ಕೂಲಿಯಿಂದ ಬಂದ ತಾಯಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋಗುವಾಗ ನಾಲ್ಕು ಎಳೆ ಸೊಪ್ಪು ಕಿತ್ತುಕೊಳ್ಳಲು ಆಗುವಂಥ ಕಡೆ.